ನಾನ್-ಕ್ರೆಡಿಟ್ ಪ್ರೋಗ್ರಾಂ: ಕ್ರೆಡಿಟ್ ಇಲ್ಲ, ಕಡತ ಉಂಟು

"ಇದು ನಾನ್-ಕ್ರೆಡಿಟ್ ತಾನೇ ಸಾರ್, ಇದಕ್ಕೂ ಅನುಮೋದನೆ ಬೇಕಾ?"

ವಿಶ್ವವಿದ್ಯಾಲಯದ ಕಚೇರಿಗಳಲ್ಲಿ ಕೂತವರಿಗೆ ಈ ಪ್ರಶ್ನೆ ಹೊಸದಲ್ಲ. ಕೇಳುವವರು ಸಾಮಾನ್ಯವಾಗಿ ಉತ್ಸಾಹಿ ಮೇಷ್ಟ್ರು. ಪಾಠದ ಯೋಜನೆ ತಯಾರಾಗಿರುತ್ತದೆ, ಪೋಸ್ಟರ್ ಕೂಡ ಆಗಿರುತ್ತದೆ, ನಾಲ್ಕು ಜನ ಹೆಸರು ಕೊಟ್ಟೂ ಆಗಿರುತ್ತದೆ. 'ನಾನ್' ಅನ್ನುವುದು ಕ್ರೆಡಿಟ್‌ಗೆ ಮಾತ್ರವಲ್ಲ, ನಿಯಮಕ್ಕೂ ಸೇರಿದ್ದು ಎಂದು ಅವರು ಅಂದುಕೊಂಡಿರುತ್ತಾರೆ. ಈ ಪದದ ಸುತ್ತ ಇರುವ ಗೊಂದಲ ಬಹುಪಾಲು ಹುಟ್ಟುವುದು ಇಲ್ಲೇ.

ಮೊದಲು ಕ್ರೆಡಿಟ್ ಅಂದರೇನು ನೋಡೋಣ. ಅದು ಓದಿನ ಹೊರೆಯನ್ನು ಅಳೆಯುವ ಒಂದು ಮಾಪು. ಅದರ ಹುಟ್ಟಿನ ಕಥೆ ಸ್ವಲ್ಪ ತಮಾಷೆಯದು. ಅಮೆರಿಕದಲ್ಲಿ 1905ರಲ್ಲಿ ಕಾರ್ನೆಗಿ ಪ್ರತಿಷ್ಠಾನ ಶುರುವಾದದ್ದು ಕಾಲೇಜು ಅಧ್ಯಾಪಕರಿಗೆ ಪಿಂಚಣಿ ಕೊಡಲು. ಹಾಗಾದರೆ ಯಾವ ಸಂಸ್ಥೆಯನ್ನು ಕಾಲೇಜು ಎಂದು ಒಪ್ಪಬೇಕು? ಪ್ರವೇಶಕ್ಕೆ ಬರುವ ವಿದ್ಯಾರ್ಥಿ ಪ್ರೌಢಶಾಲೆಯಲ್ಲಿ ಇಷ್ಟು ಓದಿರಬೇಕು ಎಂದು ಕೇಳುವ ಸಂಸ್ಥೆಯನ್ನು. ಆ 'ಇಷ್ಟು' ಎಷ್ಟು ಎಂದು ಹೇಳಲು, ಒಂದು ವಿಷಯದಲ್ಲಿ 120 ಗಂಟೆಯ ಪಾಠವನ್ನು ಒಂದು ಯೂನಿಟ್ ಎಂದು ಹಿಡಿದರು. ಪಿಂಚಣಿಗಾಗಿ ಬಂದ ಗಂಟೆಯ ಲೆಕ್ಕ ಓದಿನ ಲೋಕದಲ್ಲೇ ಬೇರುಬಿಟ್ಟಿತು.

ಈಗ ಒಂದೊಂದು ಕಡೆ ಒಂದೊಂದು ಅಳತೆ. ಅಮೆರಿಕದಲ್ಲಿ ವಾರಕ್ಕೆ ಒಂದು ಗಂಟೆ ತರಗತಿ, ಹೊರಗೆ ಎರಡು ಗಂಟೆಯ ಕೆಲಸ, ಹೀಗೆ ಸುಮಾರು 15 ವಾರ ನಡೆದರೆ ಒಂದು ಕ್ರೆಡಿಟ್. ಯುರೋಪಿನ ದೇಶಗಳ ನಡುವೆ ಕ್ರೆಡಿಟ್ ವರ್ಗಾಯಿಸಲು ಇರುವ ಇಸಿಟಿಎಸ್ ಪದ್ಧತಿಯಲ್ಲಿ ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆಯ ಒಟ್ಟು ಶ್ರಮ, ಒಂದು ಪೂರ್ಣ ವರ್ಷಕ್ಕೆ 60 ಕ್ರೆಡಿಟ್. ಬ್ರಿಟನ್ನಿನಲ್ಲಿ ಒಂದಕ್ಕೆ 10 ಗಂಟೆ. ಭಾರತದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ 30. ಅಳತೆ ಬೇರೆಯಾದರೂ ಗುಣ ಒಂದೇ: ಕ್ರೆಡಿಟ್ ಕೂಡುತ್ತಾ ಹೋಗುತ್ತದೆ, ಕೂಡಿ ಕೂಡಿ ಒಂದು ದಿನ ಪದವಿಯಾಗುತ್ತದೆ.

ನಾನ್-ಕ್ರೆಡಿಟ್ ಪ್ರೋಗ್ರಾಂ ಅಂದರೆ ಆ ಕೂಡಿಕೆಗೆ ಸೇರದ ಓದು. ಅರ್ಥ ಅಲ್ಲಿಗೆ ಮುಗಿಯಿತು. ಪಾಠ ಹಗುರವಾಗಿರುತ್ತದೆ, ಪರೀಕ್ಷೆ ಇರುವುದಿಲ್ಲ, ಕಲಿಸುವವರು ಯಾರಾದರೂ ಆಗಬಹುದು ಎಂಬುದೆಲ್ಲ ನಾವು ಹೊರಗಿನಿಂದ ತಂದು ಪದಕ್ಕೆ ಅಂಟಿಸಿದ್ದು. 2011ರಲ್ಲಿ ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆಯ ಪಾಠವನ್ನು ಸೆಬಾಸ್ಟಿಯನ್ ಥ್ರನ್ ಮತ್ತು ಪೀಟರ್ ನಾರ್ವಿಗ್ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಾಗ ಹೆಸರು ನೋಂದಾಯಿಸಿದವರು 1,60,000ಕ್ಕೂ ಹೆಚ್ಚು ಮಂದಿ. ಹೋಂವರ್ಕ್ ಇತ್ತು, ಪರೀಕ್ಷೆ ಇತ್ತು, ಕೊನೆಗೆ ಒಂದು ಪತ್ರವೂ ಇತ್ತು. ಸ್ಟ್ಯಾನ್‌ಫರ್ಡ್‌ನ ಕ್ರೆಡಿಟ್ ಮಾತ್ರ ಇರಲಿಲ್ಲ. ಅದನ್ನು ಮುಗಿಸಿದವರನ್ನು ಕೇಳಿ ನೋಡಿ, ಹಗುರವಾಗಿತ್ತು ಎಂದು ಯಾರೂ ಹೇಳಲಿಕ್ಕಿಲ್ಲ.

ಇದರ ಜತೆ ಬೆರೆತುಹೋಗುವ ಎರಡು ಸಂಗತಿಗಳಿವೆ. ಕ್ರೆಡಿಟ್ ಇರುವ ತರಗತಿಯಲ್ಲೇ ಕೂತು, ಪರೀಕ್ಷೆ ಬರೆಯದೆ, ಪಾಠ ಮಾತ್ರ ಕೇಳಿ ಬರುವುದನ್ನು 'ಆಡಿಟ್' ಮಾಡುವುದು ಅನ್ನುತ್ತಾರೆ. ಅಲ್ಲಿ ಕೋರ್ಸಿಗೆ ಕ್ರೆಡಿಟ್ ಇದೆ, ಆ ವಿದ್ಯಾರ್ಥಿಗೆ ಇಲ್ಲ. ಇನ್ನೊಂದು, ಪದವಿಯ ಒಳಗೇ ಇರುವ ಸೊನ್ನೆ ಕ್ರೆಡಿಟ್‌ನ ಕಡ್ಡಾಯ ಕೋರ್ಸು. ಅದಕ್ಕೂ ನಾನ್-ಕ್ರೆಡಿಟ್ ಎಂದೇ ಹೆಸರು, ಆದರೆ ಪಾಸಾಗದಿದ್ದರೆ ಪದವಿ ಸಿಗುವುದಿಲ್ಲ. ಇಲ್ಲಿ ಹೇಳುತ್ತಿರುವುದು ಈ ಎರಡನ್ನೂ ಅಲ್ಲ, ಪದವಿಯ ಹೊರಗೆ ನಿಂತು ನಡೆಯುವ ಕಾರ್ಯಕ್ರಮವನ್ನು: ಉದ್ಯೋಗಸ್ಥರ ತರಬೇತಿ, ಸಂಜೆ ತರಗತಿ, ಭಾಷಾ ಕಲಿಕೆ, ಬೇಸಿಗೆ ಶಿಬಿರ, ನಿವೃತ್ತರಿಗಾಗಿ ಸಾಹಿತ್ಯದ ಓದು. ಇದೇನೂ ಹೊಸ ಕಲ್ಪನೆಯಲ್ಲ. ತನ್ನಲ್ಲೇ ಅಧ್ಯಾಪಕರಾಗಿದ್ದ ಜೇಮ್ಸ್ ಸ್ಟುವರ್ಟ್ ಅವರ ಒತ್ತಾಸೆಯಿಂದ ಕೇಂಬ್ರಿಡ್ಜ್ ವಿಶ್ವವಿದ್ಯಾಲಯ 1873ರಲ್ಲೇ ತನ್ನ ಅಧ್ಯಾಪಕರನ್ನು ಊರೂರಿಗೆ ಕಳಿಸಿ, ಕಾಲೇಜು ಮೆಟ್ಟಿಲು ಹತ್ತಲಾಗದವರಿಗೆ ಉಪನ್ಯಾಸಮಾಲೆ ನಡೆಸಿತ್ತು.

ಇನ್ನು ಇಂಥ ಕಾರ್ಯಕ್ರಮಕ್ಕೆ ಅನುಮೋದನೆ ಕೇಳಿ ಸಲ್ಲಿಸುವ ಪ್ರಸ್ತಾವನೆಗೆ ಬರೋಣ. ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಉದಾಹರಣೆ ಹಿಡಿಯುತ್ತೇನೆ: 'ಹಳೆಯ ಕಾಗದಪತ್ರಗಳ ಸಂರಕ್ಷಣೆ', ಆರು ವಾರ, ವಾರಕ್ಕೆರಡು ಸಂಜೆ, ಒಂದೊಂದು ಎರಡೂವರೆ ಗಂಟೆ. ಒಟ್ಟು 30 ಗಂಟೆ.

ಅರ್ಜಿಯಲ್ಲಿ ಮೊದಲು ಎಡವುವುದು 'ಯಾರಿಗಾಗಿ' ಎಂಬ ಅಂಕಣದಲ್ಲಿ. ಹತ್ತರಲ್ಲಿ ಎಂಟು ಪ್ರಸ್ತಾವನೆಗಳಲ್ಲಿ 'ಆಸಕ್ತರೆಲ್ಲರಿಗೂ' ಎಂದಿರುತ್ತದೆ. ಇದು ಉದಾರವಾದ ಮಾತು, ಉಪಯೋಗವಿಲ್ಲದ ಮಾತು. ಗ್ರಂಥಾಲಯದ ಸಿಬ್ಬಂದಿಗೆ ಎಂದು ಬರೆದರೆ ಪಾಠ ಸಂಜೆಯೇ ಇರಬೇಕು, ಕಪಾಟಿನ ತೇವಾಂಶದ ವಿಷಯ ಬರಬೇಕು, ಶುಲ್ಕವನ್ನು ಅವರ ಸಂಸ್ಥೆ ಕಟ್ಟುತ್ತದೆಯೇ ಎಂದು ಕೇಳಬೇಕು. ಮನೆಯಲ್ಲಿ ಅಜ್ಜನ ಪತ್ರಗಳನ್ನು ಇಟ್ಟುಕೊಂಡವರಿಗೆ ಎಂದರೆ ಅದು ಬೇರೆಯದೇ ಕೋರ್ಸು. ಆರು ವಾರ ಅವರಿಗೆ ಜಾಸ್ತಿ, ಎರಡು ಶನಿವಾರ ಸಾಕು.

ಎರಡನೆಯದು ಕಲಿಕೆಯ ಫಲ. 'ಸಂರಕ್ಷಣೆಯ ಮಹತ್ವದ ಬಗ್ಗೆ ಅರಿವು ಮೂಡಿಸುವುದು' ಎಂದು ಬರೆದುಬಿಡುತ್ತಾರೆ. ಅರಿವು ಮೂಡಿತೋ ಇಲ್ಲವೋ ಯಾರು ನೋಡಬೇಕು? 'ಹರಿದ ಹಾಳೆಯನ್ನು ತೆಳು ಕಾಗದ ಮತ್ತು ಗಂಜಿಯಿಂದ ದುರಸ್ತಿ ಮಾಡಬಲ್ಲರು, ಯಾವ ಹಾಳೆಯನ್ನು ತಾವು ಮುಟ್ಟಬಾರದು ಎಂದು ಗುರುತಿಸಬಲ್ಲರು' ಎಂದು ಬರೆಯಲಿ, ಆಗ ಕೊನೆಯ ದಿನ ಏನು ಪರೀಕ್ಷಿಸಬೇಕು ಎಂಬುದು ತಾನೇ ಗೊತ್ತಾಗುತ್ತದೆ.

ಗಂಟೆಯ ಲೆಕ್ಕದಲ್ಲಿ ಇನ್ನೊಂದು ಪದ ನುಸುಳುತ್ತದೆ: ಸಿಇಯು, ಅಂದರೆ ನಿರಂತರ ಶಿಕ್ಷಣ ಘಟಕ. ಅಮೆರಿಕದಲ್ಲಿ ಬೆಳೆದ ಈ ಪದ್ಧತಿಯಲ್ಲಿ 10 ಗಂಟೆಯ ಕಲಿಕೆಗೆ ಒಂದು ಘಟಕ. ನಮ್ಮ 30 ಗಂಟೆಗೆ ಮೂರು ಸಿಇಯು. ಮೂರು ಕ್ರೆಡಿಟ್ ಅಲ್ಲ, ಮೂರು ಸಿಇಯು, ಕ್ರೆಡಿಟ್ ಸೊನ್ನೆ. ವೃತ್ತಿಯ ಪರವಾನಗಿ ನವೀಕರಿಸಿಕೊಳ್ಳುವವರಿಗೆ ಇದು ಬೇಕಾಗುತ್ತದೆ. ಪದವಿಗೆ ಇದನ್ನು ಕೂಡಿಸಲು ಬರುವುದಿಲ್ಲ. ಕರಪತ್ರದಲ್ಲಿ ಬರಿದೇ 'ಮೂರು ಯೂನಿಟ್' ಎಂದು ಅಚ್ಚು ಹಾಕಿಸಿದರೆ ಜಗಳ ಗ್ಯಾರಂಟಿ. ಈಚೆಗೆ ಓಡಾಡುತ್ತಿರುವ 'ಮೈಕ್ರೊ-ಕ್ರೆಡೆನ್ಶಿಯಲ್' (ಚಿಕ್ಕ ಕೋರ್ಸಿಗೆ ಕೊಡುವ ಕಿರು ಅರ್ಹತಾಪತ್ರ) ಪದವೂ ಹಾಗೆಯೇ, ಅದರ ಹಿಂದೆ ಕ್ರೆಡಿಟ್ ಇರಲೂಬಹುದು, ಇಲ್ಲದಿರಲೂಬಹುದು. ಕೇಳದೆ ನಂಬಬಾರದು.

ಸಹಿಗಳ ದಾರಿ ಹೇಗೆ? ಕ್ರೆಡಿಟ್ ಕೋರ್ಸಾದರೆ ವಿಭಾಗದಿಂದ ಅಧ್ಯಯನ ಮಂಡಳಿ, ನಿಕಾಯ (ಫ್ಯಾಕಲ್ಟಿ), ವಿದ್ಯಾವಿಷಯಕ ಪರಿಷತ್ತು ಎಂದು ಮೆಟ್ಟಿಲು ಹತ್ತಬೇಕು, ಒಂದು ವರ್ಷ ಹಿಡಿದರೂ ಆಶ್ಚರ್ಯವಿಲ್ಲ. ನಾನ್-ಕ್ರೆಡಿಟ್‌ಗೆ ಹೆಚ್ಚಿನ ಕಡೆ ದಾರಿ ಚಿಕ್ಕದು: ವಿಭಾಗದ ಮುಖ್ಯಸ್ಥರು, ಡೀನ್, ನಿರಂತರ ಶಿಕ್ಷಣ ಕಚೇರಿ, ಹಣಕಾಸು ವಿಭಾಗ. ಪದವಿಯ ಮಾನ ಇಲ್ಲಿ ಪಣಕ್ಕಿಲ್ಲ, ಹಾಗಾಗಿ ಪರಿಷತ್ತಿನವರೆಗೆ ಹೋಗುವುದು ಬೇಡ. ಆದರೆ ದಾರಿ ಚಿಕ್ಕದಾದ ಮಾತ್ರಕ್ಕೆ ಪ್ರಶ್ನೆಗಳು ಕಡಿಮೆಯಲ್ಲ, ಬೇರೆ. ಅಲ್ಲಿ 'ಇದು ಪದವಿಗೆ ತಕ್ಕುದೇ' ಎಂದು ಕೇಳಿದರೆ ಇಲ್ಲಿ 'ವಿಶ್ವವಿದ್ಯಾಲಯದ ಹೆಸರು ಹಾಕಿಕೊಂಡು ನಡೆಯುವ ಈ ಪಾಠಕ್ಕೆ ಯಾರು ಜವಾಬ್ದಾರರು' ಎಂದು ಕೇಳುತ್ತಾರೆ. ಇದೇ ಪಾಠ ಬೇರೆ ವಿಭಾಗದಲ್ಲಿ ಕ್ರೆಡಿಟ್ ಕೋರ್ಸಾಗಿ ನಡೆಯುತ್ತಿದೆಯೇ? ಪ್ರಯೋಗಾಲಯದಲ್ಲಿ ರಾಸಾಯನಿಕ ತಾಗಿದರೆ ವಿಮೆ ಯಾರದ್ದು? ಹೊರಗಿನ ತಜ್ಞರು ತಯಾರಿಸಿದ ಪಾಠದ ವಿಡಿಯೊ ಯಾರ ಸ್ವತ್ತು? ಹದಿನೆಂಟು ತುಂಬದ ಮಕ್ಕಳು ಬರುತ್ತಾರೆಯೇ? ಈ ಕೊನೆಯ ಪ್ರಶ್ನೆಗೆ ಹೌದು ಎಂದರೆ ಕಡತ ದಪ್ಪವಾಗುತ್ತದೆ, ಆಗಬೇಕು ಕೂಡ. ಖಾಸಗಿ ಕಂಪನಿಯೊಂದು ಪಾಲುದಾರನಾಗಿ ಬಂದರೂ ಅಷ್ಟೇ, ಒಪ್ಪಂದ ಕಾನೂನು ವಿಭಾಗದ ಮೇಜು ಹಾದೇ ಬರಬೇಕು.

ಹಣದ ಪುಟವನ್ನು ಮೇಷ್ಟ್ರುಗಳು ಕೊನೆಗೆ, ಅವಸರದಲ್ಲಿ ತುಂಬುತ್ತಾರೆ. ಅನುಮೋದಿಸುವವರು ಅದನ್ನೇ ಮೊದಲು ತೆರೆಯುತ್ತಾರೆ. ನಾನ್-ಕ್ರೆಡಿಟ್ ಪ್ರೋಗ್ರಾಂ ಬಹುಮಟ್ಟಿಗೆ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳಬೇಕು. ಒಬ್ಬರ ಶುಲ್ಕ 100 ಎಂದು ಇಟ್ಟುಕೊಳ್ಳಿ. ಬೋಧಕರ ಸಂಭಾವನೆ, ಪ್ರಚಾರ, ಕೊಠಡಿ ಸೇರಿ ಎಷ್ಟೇ ಜನ ಬಂದರೂ ತಪ್ಪದ ಖರ್ಚು 1,200. ತಲಾ ಸಾಮಗ್ರಿಗೆ 20. ಹಾಗಾದರೆ ಒಬ್ಬರಿಂದ ಉಳಿಯುವುದು 80, 15 ಜನ ಸೇರಿದರೆ ಲೆಕ್ಕ ಸರಿಹೋಗುತ್ತದೆ. ಮೇಷ್ಟ್ರು ಇಲ್ಲಿಗೆ ನಿಲ್ಲಿಸಿ 'ಕನಿಷ್ಠ 15' ಎಂದು ಬರೆಯುತ್ತಾರೆ. ಶುಲ್ಕದಲ್ಲಿ ನೂರಕ್ಕೆ 20 ವಿಶ್ವವಿದ್ಯಾಲಯದ ಪಾಲು ಎಂಬುದು ಮರೆತುಹೋಗಿರುತ್ತದೆ. ಅದನ್ನು ಕಳೆದರೆ ಉಳಿಯುವುದು 60, ಬೇಕಾದವರು 20. ಪ್ರಯೋಗಾಲಯದ ಮೇಜುಗಳು 18 ಇದ್ದರೆ? ಕೋರ್ಸು ಕಾಗದದ ಮೇಲೇ ಸತ್ತಿದೆ, ಯಾರೂ ಗಮನಿಸಿಲ್ಲ. ಶುಲ್ಕ ಏರಿಸಬೇಕು, ಇಲ್ಲವೇ ಖರ್ಚು ಇಳಿಸಬೇಕು. ಸಂಖ್ಯೆ ಮುಟ್ಟದಿದ್ದರೆ ಯಾವ ದಿನ ರದ್ದು ಮಾಡುತ್ತೇವೆ, ಕಟ್ಟಿದವರಿಗೆ ಹಣ ಹೇಗೆ ವಾಪಸು ಎಂಬುದನ್ನೂ ಅದೇ ಪುಟದಲ್ಲಿ ಬರೆದಿಡಬೇಕು, ಪೋಸ್ಟರ್ ಅಂಟಿಸುವ ಮೊದಲು.

ನನ್ನ ಮಟ್ಟಿಗೆ ಇಡೀ ಕಡತದಲ್ಲಿ ಎಚ್ಚರದಿಂದ ಓದಬೇಕಾದದ್ದು ಪ್ರಮಾಣಪತ್ರದ ಕರಡು. ಪಾಠ ಮುಗಿದ ಮೇಲೆ ಕ್ಯಾಂಪಸ್ಸಿನಿಂದ ಹೊರಗೆ ಹೋಗುವ ಕಾಗದ ಅದೊಂದೇ. 'ಭಾಗವಹಿಸಿದ್ದಾರೆ' ಎಂದರೆ ಹಾಜರಿದ್ದರು ಎಂದಷ್ಟೇ. 'ಯಶಸ್ವಿಯಾಗಿ ಪೂರೈಸಿದ್ದಾರೆ' ಎಂದರೆ ಯಾರೋ ಪರೀಕ್ಷಿಸಿ ಒಪ್ಪಿದ್ದಾರೆ ಎಂದು ಅರ್ಥ, ಆ ಪರೀಕ್ಷೆ ಪ್ರಸ್ತಾವನೆಯಲ್ಲಿ ಇರಬೇಕು. ಒಮ್ಮೆ ನನ್ನ ಮೇಜಿಗೆ ಬಂದ ಕರಡಿನಲ್ಲಿ ಮೂರು ದಿನದ ಕಾರ್ಯಾಗಾರಕ್ಕೆ 'ಡಿಪ್ಲೊಮಾ' ಎಂದು ಬಂಗಾರದ ಅಕ್ಷರದಲ್ಲಿತ್ತು, ಕೆಳಗೆ ಘಟಿಕೋತ್ಸವದ್ದೇ ಮುದ್ರೆ. ದುರುದ್ದೇಶವೇನಿಲ್ಲ, ಚೆಂದ ಕಾಣಲಿ ಎಂದು ಹಾಕಿದ್ದಂತೆ. ಡಿಪ್ಲೊಮಾ, ಪದವಿ, ಸ್ನಾತಕ ಮೊದಲಾದ ಪದಗಳು ಪರಿಷತ್ತು ಕೊಡುವ ಮನ್ನಣೆಗಳು, ವಿನ್ಯಾಸಕಾರ ಕೊಡುವ ಅಲಂಕಾರವಲ್ಲ. ಗಂಟೆ ಎಷ್ಟು, ಕಲಿತದ್ದೇನು, 'ಇದಕ್ಕೆ ಶೈಕ್ಷಣಿಕ ಕ್ರೆಡಿಟ್ ಇರುವುದಿಲ್ಲ' ಎಂಬ ಒಂದು ಸಾಲು, ಇಷ್ಟು ಸ್ಪಷ್ಟವಾಗಿ ಇದ್ದರೆ ಆ ಕಾಗದ ಹಿಡಿದು ಕೆಲಸ ಕೇಳಲು ಹೋದವರಿಗೂ ಮುಜುಗರವಿಲ್ಲ.

ಪ್ರಮಾಣಪತ್ರ ಕೊಟ್ಟ ಮೇಲೆ ದಾಖಲೆ ಉಳಿಸಬೇಕು. ಆರು ವರ್ಷ ಬಿಟ್ಟು ಒಬ್ಬರು ಬಂದು ನಕಲು ಪ್ರತಿ ಕೇಳುತ್ತಾರೆ. ಅಷ್ಟರಲ್ಲಿ ಕಲಿಸಿದ ಮೇಷ್ಟ್ರು ನಿವೃತ್ತರಾಗಿ, ಹಾಜರಿ ಪಟ್ಟಿ ಅವರ ಹಳೆಯ ಲ್ಯಾಪ್‌ಟಾಪಿನಲ್ಲಿ ಸೇರಿಹೋಗಿರುತ್ತದೆ. ಹೀಗಾಗಬಾರದೆಂದು ಕೆಲವು ವಿಶ್ವವಿದ್ಯಾಲಯಗಳು ನಾನ್-ಕ್ರೆಡಿಟ್ ಓದಿಗೆ ಪ್ರತ್ಯೇಕ ದಾಖಲಾತಿ ಇಡುತ್ತವೆ, ಪದವಿಯ ಅಂಕಪಟ್ಟಿಗೆ ಅದನ್ನು ಬೆರೆಸುವುದಿಲ್ಲ.

ಅನುಮೋದನೆ ಶಾಶ್ವತವೂ ಅಲ್ಲ. ಎರಡು ಮೂರು ಬಾರಿ ನಡೆಸಿ ನೋಡಿ ಎಂದು ಕೊಡುತ್ತಾರೆ, ಆಮೇಲೆ ಕಲಿತವರ ಅಭಿಪ್ರಾಯ ಮತ್ತು ಲೆಕ್ಕಪತ್ರ ಇಟ್ಟುಕೊಂಡು ಮತ್ತೆ ಕೇಳಬೇಕು. ಹಾಗೆ ಮರಳಿ ಬಂದಾಗ, ಚೆನ್ನಾಗಿ ನಡೆದ ಕೋರ್ಸಿನ ಮೇಷ್ಟ್ರು ಹೊಸ ಬೇಡಿಕೆ ಇಡುವುದುಂಟು: "ಇಷ್ಟು ಒಳ್ಳೆಯ ಹೆಸರು ಬಂದಿದೆ, ಇದಕ್ಕೆ ಒಂದು ಕ್ರೆಡಿಟ್ ಕೊಟ್ಟುಬಿಡಿ." ಕಾಗದಪತ್ರ ಸಂರಕ್ಷಣೆಯ 30 ಗಂಟೆಯನ್ನು ಹಾಗೆ ಕ್ರೆಡಿಟ್ ಎಂದು ಬರೆದುಬಿಡಲು ಬರುವುದಿಲ್ಲ. ತರಗತಿಯ ಹೊರಗಿನ ಕೆಲಸ ಸೇರಬೇಕು, ಮೌಲ್ಯಮಾಪನ ಪದವಿಯ ಮಟ್ಟಕ್ಕೆ ಏರಬೇಕು, ಕಲಿಸುವವರ ಅರ್ಹತೆಯನ್ನು ಮತ್ತೆ ನೋಡಬೇಕು. ಅಂದರೆ ಹೊಸ ಕಡತ ತೆರೆದು ಅಧ್ಯಯನ ಮಂಡಳಿಯ ಮೊದಲ ಮೆಟ್ಟಿಲಲ್ಲಿ ಸರತಿಗೆ ನಿಲ್ಲಬೇಕು. ಹಳೆಯ ಕಡತವನ್ನು ಅನುಬಂಧವಾಗಿ ಲಗತ್ತಿಸಬಹುದು.