ಖಾತ್ರಿ ಕೂಲಿ 370 ರೂಪಾಯಿ ಆಗಿದ್ದು ಹೇಗೆ?

2025ರ ಮೇ ತಿಂಗಳು. ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿ. ಬಿಸಿಲು ಏರುವ ಮುಂಚೆ ಮುಗಿಸಬೇಕು ಅಂತ ಬೆಳಿಗ್ಗೆ ಆರೂವರೆಗೇ ಉದ್ಯೋಗ ಖಾತ್ರಿ ಯೋಜನೆಯ ನಾಲಾ ಹೂಳೆತ್ತುವ ಕೆಲಸ ಶುರುವಾಗಿತ್ತು. ಗಂಡಸರು ಅಗೆಯುತ್ತಿದ್ದರು, ಹೆಂಗಸರು ಬುಟ್ಟಿಯಲ್ಲಿ ಮಣ್ಣು ಹೊತ್ತು ದಂಡೆಗೆ ಸುರಿಯುತ್ತಿದ್ದರು. ಕೂಲಿಕಾರರ ಹಾಜರಿ ನೋಡಿಕೊಳ್ಳುವ ಕಾಯಕ ಬಂಧು ಮೊಬೈಲ್ ಹಿಡಿದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೊ ತೆಗೆದರು. ನೆಟ್‌ವರ್ಕ್ ಸಿಗಲಿಲ್ಲ. ದಿಬ್ಬದ ಮೇಲೆ ಹತ್ತಿ ಮೊಬೈಲ್ ಮೇಲೆತ್ತಿ ನಿಂತರು. ಅಷ್ಟರಲ್ಲಿ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ ಒಬ್ಬ ಹೆಣ್ಣುಮಗಳು ಕೇಳಿದರು: ‘ಸರ, ಈ ಮುನ್ನೂರ ಎಪ್ಪತ್ತು ಅನ್ನೋದು ಯಾರು ಮಾಡ್ತಾರ್ರಿ? ಪಂಚಾಯ್ತಿಯವ್ರಾ, ಬೆಂಗಳೂರಿನವ್ರಾ?’

ದಿನಗೂಲಿ ನಿಗದಿ ಮಾಡುವುದು ದಿಲ್ಲಿಯವರು ಅಂದೆ. ಅದು ಅರ್ಧ ಉತ್ತರ. ಉಳಿದರ್ಧ ಹೇಳಬೇಕಾದರೆ ಹಿಂದಕ್ಕೆ ಹೋಗಬೇಕು.

ಬರ ಬಂದಾಗ ಗಂಜಿ ಕೇಂದ್ರ ತೆರೆಯುವುದು, ರಸ್ತೆಗೆ ಜಲ್ಲಿ ಒಡೆಸುವುದು, ಆಮೇಲೆ ಒಂದಾದ ಮೇಲೊಂದು ರೋಜ್‌ಗಾರ್ ಯೋಜನೆ. 2005ರ ತನಕ ಈ ಭಾಗದ ಬಡವರಿಗೆ ಸರ್ಕಾರಿ ಕೆಲಸ ಅಂದರೆ ಇಷ್ಟೇ ಆಗಿತ್ತು. ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಕೇಳಿದರೆ ಕೊಡಲೇಬೇಕು ಎಂಬ ಮಾತು ಬಂದಿದ್ದು ಉದ್ಯೋಗ ಖಾತ್ರಿ ಕಾಯ್ದೆಯಿಂದ. 2006ರ ಫೆಬ್ರುವರಿ 2ರಂದು ದೇಶದ 200 ಹಿಂದುಳಿದ ಜಿಲ್ಲೆಗಳಲ್ಲಿ ಅದು ಜಾರಿಯಾಯಿತು. ಆ ಪಟ್ಟಿಯಲ್ಲಿ ರಾಯಚೂರು ಇತ್ತು. ಮನೆಗೆ ವರ್ಷಕ್ಕೆ 100 ದಿನ ಕೆಲಸ, ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ. ಹೊಲದ ಕೆಲಸದಲ್ಲಿ ಹೆಣ್ಣಿನ ಕೂಲಿ ಯಾವತ್ತೂ ಒಂದು ಮೆಟ್ಟಿಲು ಕೆಳಗೇ ಇದ್ದ ನಮ್ಮ ಕಡೆ ಇದು ಸಣ್ಣ ಮಾತಲ್ಲ.

ಕೂಲಿ ಎಷ್ಟು ಎಂಬುದಕ್ಕೆ ಕಾಯ್ದೆಯಲ್ಲೇ ಎರಡು ದಾರಿ ಇಟ್ಟಿದ್ದರು. ಕೇಂದ್ರ ತನ್ನದೇ ದರ ಪ್ರಕಟಿಸುವ ತನಕ, ಆಯಾ ರಾಜ್ಯದಲ್ಲಿ ಕೃಷಿ ಕಾರ್ಮಿಕರಿಗೆ ಇರುವ ಕನಿಷ್ಠ ವೇತನವನ್ನೇ ಕೊಡಬೇಕು. ಪ್ರಕಟಿಸಿದ ಮೇಲೆ ಆ ದರವೇ ಅಂತಿಮ, ಕನಿಷ್ಠ ವೇತನ ಕಾಯ್ದೆ ಏನೇ ಹೇಳಲಿ. ಮೊದಲ ಮೂರು ವರ್ಷ ಮೊದಲ ದಾರಿ ನಡೆಯಿತು. 2009ರ ಜನವರಿ 1ರಿಂದ ಎರಡನೆಯದು. ಖಾತ್ರಿ ಕೂಲಿಗೂ ಕನಿಷ್ಠ ವೇತನಕ್ಕೂ ಇದ್ದ ಗಂಟು ಬಿಚ್ಚಿದ್ದು ಆವತ್ತು. ಹಳ್ಳಿಯಲ್ಲಿ ಯಾರಿಗೂ ಅದು ಗೊತ್ತಾಗಲೇ ಇಲ್ಲ, ಯಾಕೆಂದರೆ ಮರುದಿನ ಕೈಗೆ ಬಂದ ದುಡ್ಡು ಕಡಿಮೆಯಾಗಿರಲಿಲ್ಲ. ವ್ಯತ್ಯಾಸ ಕಂಡಿದ್ದು ಬೆಲೆಗಳು ಏರಿದಾಗ. ರಾಜ್ಯದ ಕನಿಷ್ಠ ವೇತನ ಮೇಲೆ ಹೋಯಿತು, ಖಾತ್ರಿ ಕೂಲಿ 100 ರೂಪಾಯಿಗೇ ನಿಂತಿತು.

ಆಗ ದೇಶದಾದ್ಯಂತ ಕೂಗು ಎದ್ದಿತು. 2011ರ ಜನವರಿಯಲ್ಲಿ ಕೇಂದ್ರ ಒಂದು ಸೂತ್ರ ತಂದಿತು. ಕೃಷಿ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ, ಅಂದರೆ ಅವರು ಕೊಳ್ಳುವ ವಸ್ತುಗಳ ಬೆಲೆ ಏರಿಳಿತದ ಲೆಕ್ಕ, ಎಷ್ಟು ಏರುತ್ತದೋ ಅಷ್ಟು ಕೂಲಿ ಏರಿಸುವುದು. ಕರ್ನಾಟಕದಲ್ಲಿ 100 ಇದ್ದದ್ದು 125 ಆಯಿತು. ಬೆಲೆ ಏರಿಕೆಯ ಪ್ರಶ್ನೆಗೆ ಇದು ಉತ್ತರ ಕೊಟ್ಟಿತು. ಕನಿಷ್ಠ ವೇತನದ ಪ್ರಶ್ನೆ ಹಾಗೇ ಉಳಿಯಿತು.

ಈ ಪ್ರಶ್ನೆಯನ್ನು ಕೋರ್ಟಿಗೆ ಒಯ್ದವರಲ್ಲಿ ನಮ್ಮ ರಾಜ್ಯದವರೂ ಇದ್ದರು. ಕರ್ನಾಟಕ ಪ್ರಾಂತ ರೈತ ಸಂಘ ಹೈಕೋರ್ಟಿಗೆ ಹೋಯಿತು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಬಲವಂತದ ದುಡಿಮೆಗೆ ಸಮ, ಅದಕ್ಕೆ ಸಂವಿಧಾನದ 23ನೇ ವಿಧಿ ಅಡ್ಡ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1980ರ ದಶಕದಲ್ಲೇ ಹೇಳಿತ್ತು. 1983ರ ರಾಜಸ್ಥಾನದ ಪ್ರಕರಣ ಬರ ಪರಿಹಾರ ಕಾಮಗಾರಿಯದ್ದೇ. ಬರದ ಕಾಲದಲ್ಲಿ ಕೊಡುವ ಕೆಲಸ ಅಂತ ಕಡಿಮೆ ಕೊಡುವಂತಿಲ್ಲ ಎಂದು ಅದರಲ್ಲಿ ತೀರ್ಪಾಗಿತ್ತು. 2011ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಖಾತ್ರಿ ಕೆಲಸಕ್ಕೂ ಕನಿಷ್ಠ ವೇತನ ಕೊಡಬೇಕು ಎಂದಿತು. ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಯಿತು. 2012ರ ಜನವರಿಯಲ್ಲಿ ಹೈಕೋರ್ಟ್ ಆದೇಶಕ್ಕೆ ತಡೆ ಕೊಡಲು ಅಲ್ಲಿ ಒಪ್ಪಲಿಲ್ಲ. ಆ ಏಪ್ರಿಲ್‌ನಲ್ಲಿ ಕೂಲಿ 155 ಆಯಿತು. ಆ ದಿನಗಳಲ್ಲಿ ಕೂಲಿಕಾರರ ಸಂಘಟನೆಗಳ ಸಭೆಗಳಿಗೆ ಹೋಗುತ್ತಿದ್ದೆ. ಇನ್ನೇನು ಎರಡೂ ಒಂದಾಗುತ್ತವೆ ಎಂದು ಎಲ್ಲರೂ ನಂಬಿದ್ದರು, ನಾನೂ ನಂಬಿದ್ದೆ.

ಒಂದಾಗಲಿಲ್ಲ. ಅರ್ಥಶಾಸ್ತ್ರಜ್ಞ ಮಹೇಂದ್ರ ದೇವ್ ಅವರ ಸಮಿತಿ 2014ರಲ್ಲಿ ಕೊಟ್ಟ ಸಲಹೆ ಸರಳವಾಗಿತ್ತು: ಕನಿಷ್ಠ ವೇತನ, ಈಗಿನ ಖಾತ್ರಿ ಕೂಲಿ, ಎರಡರಲ್ಲಿ ಯಾವುದು ಜಾಸ್ತಿಯೋ ಅದನ್ನು ಬುಡವಾಗಿ ಇಟ್ಟುಕೊಳ್ಳಿ, ಅಲ್ಲಿಂದ ಏರಿಸಿ. ಅದು ಜಾರಿಯಾಗಲಿಲ್ಲ. 2017ರಲ್ಲಿ ಇನ್ನೊಂದು ಸಮಿತಿ ಕನಿಷ್ಠ ವೇತನಕ್ಕೆ ಸಮ ಮಾಡುವ ಅಗತ್ಯವಿಲ್ಲ, ಸೂಚ್ಯಂಕ ಮಾತ್ರ ಬದಲಿಸಿ ಎಂದಿತು. ಅದೂ ಆಗಲಿಲ್ಲ.

ನನಗೆ ಮುಖ್ಯ ಅನಿಸುವುದು ಈ ‘ಬುಡ’ದ ಮಾತು. ಸೂಚ್ಯಂಕ ಕೂಲಿಯನ್ನು ಬೆಳೆಸುವುದಿಲ್ಲ, ಇದ್ದಲ್ಲೇ ಇಡುತ್ತದೆ. ನೂರು ರೂಪಾಯಿಗೆ ಆವತ್ತು ಎಷ್ಟು ಬರುತ್ತಿತ್ತೋ ಅಷ್ಟೇ ಇವತ್ತೂ ಬರಲಿ ಎನ್ನುವುದು ಅದರ ಲೆಕ್ಕ. ಬುಡವೇ ಕಡಿಮೆ ಇದ್ದರೆ ಎಷ್ಟು ವರ್ಷ ಏರಿಸಿದರೂ ಆ ಕೊರತೆ ಹಾಗೇ ಜೊತೆಗೆ ಬರುತ್ತದೆ. 2015ರಲ್ಲಿ 204 ಇದ್ದದ್ದು 2025ಕ್ಕೆ 370 ಆಯಿತು, ನಿಜ. ಆದರೆ ರಾಜ್ಯದ ಕೃಷಿ ಕನಿಷ್ಠ ವೇತನವನ್ನು ಅದು ಆಗಲೂ ಮುಟ್ಟಿರಲಿಲ್ಲ.

ಸೂಚ್ಯಂಕದ ಒಳಗೇನಿತ್ತು ಅಂತಲೂ ನೋಡಬೇಕು. 600 ಹಳ್ಳಿಗಳಿಂದ ಬೆಲೆ ತಂದು ಲೆಕ್ಕ ಹಾಕುತ್ತಿದ್ದರು. ಕೂಲಿಕಾರರ ಮನೆಯಲ್ಲಿ ಯಾವುದಕ್ಕೆ ಎಷ್ಟು ಖರ್ಚು ಎಂಬ ಪಾಲು ಮಾತ್ರ 1983ರದ್ದು. ಅದರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಊಟಕ್ಕೆ. ಆ ಕಾಲದಲ್ಲಿ ಮೊಬೈಲ್ ರೀಚಾರ್ಜ್ ಇರಲಿಲ್ಲ. ಮಗಳನ್ನು ತಾಲ್ಲೂಕಿನ ಕಾಲೇಜಿಗೆ ಕಳಿಸುವ ಖರ್ಚು ಕೂಲಿಯವರ ಮನೆಯಲ್ಲಿ ಅಪರೂಪ. ಇವತ್ತು ಜೋಳ, ಅಕ್ಕಿಗಿಂತ ಹೆಚ್ಚು ತಲೆಬಿಸಿ ಆಸ್ಪತ್ರೆ ಖರ್ಚಿನದ್ದು, ಅಲ್ವಾ? ಕೊನೆಗೆ 2025ರ ಮಧ್ಯದಲ್ಲಿ 2019ನ್ನು ಆಧಾರ ವರ್ಷ ಮಾಡಿಕೊಂಡ ಹೊಸ ಸರಣಿ ಬಂತು. ಅಷ್ಟರೊಳಗೆ 370 ನಿಗದಿಯಾಗಿ ಹೋಗಿತ್ತು.

ಇನ್ನೊಂದು ತೊಡಕು, ದರ ಬದಲಾಗುವುದು ವರ್ಷಕ್ಕೆ ಒಂದೇ ಸಲ, ಏಪ್ರಿಲ್‌ನಲ್ಲಿ. 2019ರಲ್ಲಿ ಕರ್ನಾಟಕಕ್ಕೆ ಒಂದು ರೂಪಾಯಿಯೂ ಏರಲಿಲ್ಲ, 249 ಇದ್ದದ್ದು 249ರಲ್ಲೇ ಉಳಿಯಿತು. 2023ರ ಏಪ್ರಿಲ್‌ನಲ್ಲಿ ಏರಿದ್ದು 7 ರೂಪಾಯಿ. ಆ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ದಾಟಿತು, ತೊಗರಿ ಬೇಳೆ 150ರ ಮೇಲೆ ಹೋಯಿತು. ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದ ವರ್ಷವೂ ಅದೇ. ಬೆಲೆ ಏರಿದ್ದು ಮಳೆಗಾಲದಲ್ಲಿ, 33 ರೂಪಾಯಿ ಏರಿ 349 ಆಗಿದ್ದು ಮುಂದಿನ ಏಪ್ರಿಲ್‌ನಲ್ಲಿ. ನಡುವಿನ ತಿಂಗಳುಗಳನ್ನು ಜನ ಸಾಲದಲ್ಲಿ ದಾಟಿದರು.

ಸಾಲದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಕೂಲಿ 15 ದಿನದೊಳಗೆ ಜಮಾ ಆಗಬೇಕು. ತಡವಾದರೆ ದಿನಕ್ಕೆ ಶೇ 0.05 ಪರಿಹಾರ. ಆರು ದಿನದ ಕೂಲಿ 2,220 ರೂಪಾಯಿ ತಡವಾದರೆ ದಿನಕ್ಕೆ 1 ರೂಪಾಯಿ 11 ಪೈಸೆ. ತಿಂಗಳಿಗೆ ನೂರಕ್ಕೆ ಒಂದೂವರೆ ಬಡ್ಡಿ ಕೊಟ್ಟಂತೆ. ಹಳ್ಳಿಯಲ್ಲಿ ಕೈಗಡ ತಂದರೆ ನೂರಕ್ಕೆ ಮೂರು.

370 ಪೂರ್ತಿ ಸಿಗುತ್ತದೆ ಅಂತಲೂ ಇಲ್ಲ. ಎಂಜಿನಿಯರ್ ಬಂದು ಎಷ್ಟು ಮಣ್ಣು ಎದ್ದಿದೆ ಅಂತ ಅಳತೆ ಮಾಡುತ್ತಾರೆ, ಕಡಿಮೆ ಬಿದ್ದರೆ ಕೂಲಿಯೂ ಕಡಿಮೆ. ಏಪ್ರಿಲ್, ಮೇ ಬಿಸಿಲಿಗೆ ನಮ್ಮ ಭಾಗಕ್ಕೆ ಅಳತೆಯಲ್ಲಿ ಶೇ 30 ರಿಯಾಯಿತಿ ಸಿಗುತ್ತಾ ಬಂದಿರುವುದು ದೊಡ್ಡ ಆಸರೆ. 2023ರ ಜನವರಿಯಿಂದ ದಿನಕ್ಕೆ ಎರಡು ಸಲ ಫೋಟೊ ಹಾಜರಿ ಕಡ್ಡಾಯವಾಯಿತು, 2024ರ ಜನವರಿಯಿಂದ ಆಧಾರ್ ಜೋಡಿಸಿದ ಖಾತೆಗೇ ಪಾವತಿ. ಸುಳ್ಳು ಹಾಜರಿ ತಡೆಯುವುದು ಉದ್ದೇಶ. ಆದರೆ ನೆಟ್‌ವರ್ಕ್ ಇಲ್ಲದೆ ಎರಡನೇ ಫೋಟೊ ಹೋಗದ ದಿನ, ಮಣ್ಣು ಹೊತ್ತ ಹೆಣ್ಣುಮಗಳಿಗೆ ಅದು ಸುಮ್ನೆ ದುಡಿದ ದಿನವಾಗುತ್ತದೆ.

2025ರ ಡಿಸೆಂಬರ್‌ನಲ್ಲಿ ಸಂಸತ್ತು ಈ ಕಾಯ್ದೆಯ ಜಾಗಕ್ಕೆ ವಿಕಸಿತ ಭಾರತದ ಹೆಸರಿನ ಹೊಸ ಕಾಯ್ದೆ ತಂದಿದೆ. ದಿನಗಳು 100ರಿಂದ 125ಕ್ಕೆ ಏರುತ್ತವೆ. ಹಳೆಯ ಕಾಯ್ದೆಯಲ್ಲಿ ಕೂಲಿಯ ಹಣ ಪೂರ್ತಿ ಕೇಂದ್ರದ್ದು, ಹೊಸದರಲ್ಲಿ ಕರ್ನಾಟಕದಂಥ ರಾಜ್ಯಗಳು ಖರ್ಚಿನ ಶೇ 40 ಹಾಕಬೇಕು. ಬಿತ್ತನೆ, ಕೊಯ್ಲಿನ ಕಾಲದಲ್ಲಿ ಒಟ್ಟು 60 ದಿನದವರೆಗೆ ಕೆಲಸ ನಿಲ್ಲಿಸಬಹುದು. ಕೂಲಿ ದರ ನಿಗದಿ ಮಾತ್ರ ಮೊದಲಿನಂತೆ ಕೇಂದ್ರದ ಕೈಯಲ್ಲೇ.

60 ದಿನದ ಮಾತು ನಮ್ಮ ಜಿಲ್ಲೆಯಲ್ಲಿ ಹೇಗೆ ನಡೆಯುತ್ತದೋ ನೋಡಬೇಕು. ಬಿತ್ತನೆ ಕಾಲದಲ್ಲಿ ಹೊಲದಲ್ಲಿ ಕೆಲಸ ಇರುತ್ತದೆ ಎಂಬ ನಂಬಿಕೆ ಅದರ ಹಿಂದಿದೆ. 2025ರ ಕೊನೆಗೆ ತುಂಗಭದ್ರಾ ಜಲಾಶಯದ ಗೇಟ್‌ಗಳನ್ನು ಬದಲಿಸುವುದಕ್ಕಾಗಿ ಎರಡನೇ ಬೆಳೆಗೆ ನೀರಿಲ್ಲ ಎಂದು ತೀರ್ಮಾನವಾಯಿತು. ಸಿಂಧನೂರು, ಮಾನ್ವಿ ಕಡೆಯ ಬೇಸಿಗೆ ಭತ್ತದ ನಾಟಿಯೂ ಹೋಯಿತು, ಕೊಯ್ಲೂ ಹೋಯಿತು. ಕ್ಯಾಲೆಂಡರ್‌ನಲ್ಲಿ ಹಂಗಾಮು ಇದ್ದರೂ ಹೊಲದಲ್ಲಿ ಕೆಲಸ ಇರಲಾರದು.

ಡಿಸೆಂಬರ್ ಕೊನೆಯಲ್ಲಿ ಆ ಹಳ್ಳಿಗೆ ಮತ್ತೆ ಹೋಗಿದ್ದೆ. ಪ್ರಶ್ನೆ ಕೇಳಿದ ಹೆಣ್ಣುಮಗಳು ಗಂಡನ ಜೊತೆ ಬೆಂಗಳೂರಿಗೆ ಗುಳೆ ಹೋಗಿದ್ದರು, ಕಟ್ಟಡದ ಕೆಲಸಕ್ಕೆ. ಮನೆಯಲ್ಲಿ ಅತ್ತೆ ಮತ್ತು ಎರಡು ಮಕ್ಕಳು. ಅತ್ತೆ ಒಳಗೆ ಹೋಗಿ ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ಜಾಬ್ ಕಾರ್ಡ್ ತಂದರು. ಮೂಲೆ ಸವೆದಿತ್ತು, ಫೋಟೊದಲ್ಲಿ ಸೊಸೆ ಇನ್ನೂ ಚಿಕ್ಕ ಹುಡುಗಿ.

‘ಹೊಸದು ಬಂದೈತಿ ಅಂತಾರ. ಇದು ಇನ್ನ ನಡೀತೈತೇನ್ರಿ?’

ಹೊಸ ಕಾರ್ಡ್ ಕೊಡುವ ತನಕ ಇದೇ ನಡೆಯುತ್ತದೆ, ಜೋಪಾನವಾಗಿ ಇಟ್ಟುಕೊಳ್ಳಿ ಎಂದೆ. ಅವರು ಅದನ್ನು ಮತ್ತೆ ಕವರಿನಲ್ಲಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಒಳಗೆ ಒಯ್ದರು.