ವೈಟ್‌ಹಾಲ್ ಬೇರೆ, ವೈಟ್‌ಹೌಸ್ ಬೇರೆ: ಇಂಗ್ಲಿಷ್ ಸುದ್ದಿಯಲ್ಲಿ ಮಾತಾಡುವ ಜಾಗಗಳು

ಇಂಗ್ಲಿಷ್ ಸುದ್ದಿಯಲ್ಲಿ ಬೀದಿ, ಗುಡ್ಡ, ಕಟ್ಟಡ ಎಲ್ಲವೂ ಮಾತಾಡುತ್ತವೆ. ಡೌನಿಂಗ್ ಸ್ಟ್ರೀಟ್ ನಿರಾಕರಿಸುತ್ತದೆ, ಕ್ರೆಮ್ಲಿನ್ (ಅಂದರೆ ರಷ್ಯಾ ಅಧ್ಯಕ್ಷರ ಕಡೆಯವರು) ಎಚ್ಚರಿಸುತ್ತದೆ, ಪೆಂಟಗನ್ ಒಪ್ಪಿಕೊಳ್ಳುತ್ತದೆ. ಈ ರೀತಿ ನಮಗೆ ಹೊಸದಲ್ಲ. 'ಊರಿಗೆ ಊರೇ ನಕ್ಕಿತು' ಅಂದರೆ ನಕ್ಕಿದ್ದು ಜನ, ಗೋಡೆಗಳಲ್ಲ ಅಂತ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಕಾವ್ಯಶಾಸ್ತ್ರದಲ್ಲಿ ಇದಕ್ಕೆ ಲಕ್ಷಣೆ ಅನ್ನುತ್ತಾರೆ. 'ಗಂಗೆಯಲ್ಲಿ ಹಳ್ಳಿ' ಅನ್ನುವುದು ಅದರ ಹಳೇ ಉದಾಹರಣೆ. ಹಳ್ಳಿ ಇರುವುದು ದಡದಲ್ಲಿ, ನೀರಿನಲ್ಲಲ್ಲ ಅಲ್ವಾ? ಇಂಗ್ಲಿಷಿನವರು ಇದನ್ನು ಮೆಟಾನಮಿ ಅನ್ನುತ್ತಾರೆ. ತತ್ವ ಇಷ್ಟೇ. ಯಾವ ಹೆಸರಿನ ಹಿಂದೆ ಯಾರು ಕೂತಿದ್ದಾರೆ ಅನ್ನುವುದೇ ಕಷ್ಟ.

ನಾನು ಎಡವಿದ ಜಾಗ

ಅನುವಾದದ ಅಭ್ಯಾಸಕ್ಕೆ ಒಂದು ಚಿಕ್ಕ ವಾಕ್ಯ ಇತ್ತು: 'ಡೌನಿಂಗ್ ಸ್ಟ್ರೀಟ್ ಓವರ್‌ರೂಲ್ಡ್ ವೈಟ್‌ಹಾಲ್'. ನಾನು ಬರೆದದ್ದು: 'ಬ್ರಿಟನ್ ಪ್ರಧಾನಿ ಶ್ವೇತಭವನದ ಮಾತನ್ನು ತಳ್ಳಿಹಾಕಿದರು.' ಒಂದೇ ಪದ ತಪ್ಪಿತು, ಸುದ್ದಿಯೇ ಬೇರೆಯಾಯಿತು. ಎರಡು ದೇಶಗಳ ಜಗಳ ಹುಟ್ಟಿಕೊಂಡಿತು. ನಿಜವಾದ ಅರ್ಥ: ಬ್ರಿಟನ್ ಪ್ರಧಾನಿ ಕಚೇರಿಯು ತನ್ನದೇ ಅಧಿಕಾರಿಗಳ ಸಲಹೆಯನ್ನು ಬದಿಗಿಟ್ಟಿತು.

ವೈಟ್‌ಹೌಸ್, ವೈಟ್‌ಹಾಲ್: ಎರಡೂ ಬಿಳಿ, ಎರಡೂ ಕಟ್ಟಡದ ಹೆಸರಿನಂತೆ ಕೇಳಿಸುತ್ತವೆ. ವೈಟ್‌ಹಾಲ್ ಅಂದರೆ ಬ್ರಿಟನ್ನಿನ ಶ್ವೇತಭವನ ಇರಬೇಕು ಅಂದುಕೊಂಡಿದ್ದೆ. ಆದರೆ ವೈಟ್‌ಹಾಲ್ ಒಂದು ರಸ್ತೆ. ಹಿಂದೆ ಅಲ್ಲಿ ಅದೇ ಹೆಸರಿನ ಅರಮನೆ ಇತ್ತು. 1698ರಲ್ಲಿ ಅದರ ಬಹುಪಾಲು ಸುಟ್ಟುಹೋಯಿತು. ಅರಮನೆ ಹೋಯಿತು, ಹೆಸರು ರಸ್ತೆಗೆ ಉಳಿಯಿತು. ಆ ರಸ್ತೆಯಲ್ಲಿ ಸರ್ಕಾರಿ ಇಲಾಖೆಗಳು ಬಂದು ಕೂತವು.

ಇದನ್ನು ತಲೆಗೆ ಹತ್ತಿಸಿಕೊಳ್ಳಲು ನಾನು ಲಂಡನ್ನಿನ ನಕ್ಷೆ ತೆಗೆದು ಬೆರಳಿಟ್ಟು ನೋಡಿದೆ. ನೀವೂ ನೋಡಿ. ಟ್ರಫಾಲ್ಗರ್ ಚೌಕದಿಂದ ದಕ್ಷಿಣಕ್ಕೆ ಹೊರಡಿ. ನಿಮ್ಮ ಬೆರಳು ಇರುವುದೇ ವೈಟ್‌ಹಾಲ್ ರಸ್ತೆ ಮೇಲೆ. ಸ್ವಲ್ಪ ಮುಂದೆ ಬಲಗಡೆಗೆ ಒಂದು ಚಿಕ್ಕ ಬೀದಿ ಒಡೆಯುತ್ತದೆ. ಅದೇ ಡೌನಿಂಗ್ ಸ್ಟ್ರೀಟ್. ಅಲ್ಲಿಂದ ನೇರ ಮುಂದೆ ಹೋದರೆ ಸಂಸತ್ತು, ಅಂದರೆ ವೆಸ್ಟ್‌ಮಿನ್‌ಸ್ಟರ್. ಮೂರೂ ಕೂಗಳತೆಯ ಜಾಗಗಳು. ಆದರೆ ಸುದ್ದಿಯಲ್ಲಿ ಮೂರು ಬೇರೆ ಬೇರೆ ಗುಂಪು. ಡೌನಿಂಗ್ ಸ್ಟ್ರೀಟ್ ಅಂದರೆ ಪ್ರಧಾನಿ ಮತ್ತು ಅವರ ಕಚೇರಿ. ವೈಟ್‌ಹಾಲ್ ಅಂದರೆ ಇಲಾಖೆಗಳು, ಅದರಲ್ಲೂ ಕಾಯಂ ಅಧಿಕಾರಿಗಳು. ವೆಸ್ಟ್‌ಮಿನ್‌ಸ್ಟರ್ ಅಂದರೆ ಸಂಸದರು, ಪಕ್ಷಗಳು, ಸಂಸತ್ತಿನ ಒಳಗಿನ ರಾಜಕೀಯ.

ನನಗೆ ಬಹಳ ಇಷ್ಟವಾದ ಉಪಾಯ ಇದು: ಚುನಾವಣೆ ಮುಗಿದ ಮರುದಿನವನ್ನು ಊಹಿಸಿಕೊಳ್ಳಿ. ವೆಸ್ಟ್‌ಮಿನ್‌ಸ್ಟರ್‌ಗೆ ಹೊಸ ಮುಖಗಳು ಬರುತ್ತವೆ. ಸರ್ಕಾರ ಬಿದ್ದಿದ್ದರೆ ಡೌನಿಂಗ್ ಸ್ಟ್ರೀಟಿನಲ್ಲಿ ಸಾಮಾನು ಖಾಲಿ ಮಾಡುತ್ತಾರೆ. ವೈಟ್‌ಹಾಲಿನ ಅಧಿಕಾರಿ ಮಾತ್ರ ಅದೇ ಮೇಜಿನ ಮುಂದೆ ಕೂತು ಹೊಸ ಮಂತ್ರಿಗೆ ಕಡತ ಸಿದ್ಧ ಮಾಡುತ್ತಿರುತ್ತಾರೆ. ಇದು ಮನಸ್ಸಿಗೆ ಬಂದ ಮೇಲೆ ಮೂರೂ ಹೆಸರು ನನಗೆ ಒಮ್ಮೆಯೂ ಕಲೆಸಿಹೋಗಿಲ್ಲ.

ಹಾಗಾದರೆ ವೈಟ್‌ಹೌಸ್‌ಗೆ ಬ್ರಿಟನ್ನಿನಲ್ಲಿ ಜೋಡಿ ಯಾವುದು? ಡೌನಿಂಗ್ ಸ್ಟ್ರೀಟ್, ಅದರಲ್ಲೂ 'ನಂಬರ್ ಟೆನ್'. 'ನಂಬರ್ ಇಲೆವೆನ್' ಅಂತ ಬಂದರೆ ಹಣಕಾಸು ಮಂತ್ರಿ. ಒಂದೇ ಬೀದಿಯ ಅಕ್ಕಪಕ್ಕದ ಮನೆಗಳು, ಆದರೆ 'ನಂಬರ್ ಟೆನ್‌ಗೂ ನಂಬರ್ ಇಲೆವೆನ್‌ಗೂ ಸರಿಯಿಲ್ಲ' ಅಂತ ಓದಿದರೆ ಪ್ರಧಾನಿಗೂ ಹಣಕಾಸು ಮಂತ್ರಿಗೂ ಭಿನ್ನಾಭಿಪ್ರಾಯ ಅಂತ ತಿಳಿಯಬೇಕು.

ಅಮೆರಿಕದ ಹೆಸರುಗಳು

ಇಲ್ಲಿ ನನಗೆ ಅಷ್ಟು ತೊಂದರೆ ಆಗಲಿಲ್ಲ. ವೈಟ್‌ಹೌಸ್ ಅಂದರೆ ಅಧ್ಯಕ್ಷರ ಕಡೆಯವರು. ಫಾಗಿ ಬಾಟಮ್ ಅಂದರೆ ವಿದೇಶಾಂಗ ಇಲಾಖೆ. ಲ್ಯಾಂಗ್ಲಿ ಅಂದರೆ ಸಿಐಎ, ಅಂದರೆ ಅವರ ಗುಪ್ತಚರ ಸಂಸ್ಥೆ. ಪೆಂಟಗನ್ ಅಂದರೆ ಸೇನೆಯ ಮೇಲಿನ ಆಡಳಿತ. ಪೆಂಟಗನ್ನೂ ಲ್ಯಾಂಗ್ಲಿಯೂ ವಾಷಿಂಗ್ಟನ್ ನಗರದಲ್ಲಿಲ್ಲ, ಪೊಟೋಮ್ಯಾಕ್ ನದಿಯ ಆಚೆ ವರ್ಜೀನಿಯಾದಲ್ಲಿವೆ.

ಎಚ್ಚರ ಬೇಕಿರುವುದು ಕ್ಯಾಪಿಟಲ್ ಹಿಲ್ ಬಂದಾಗ. ಅದನ್ನು 'ಅಮೆರಿಕ ಸರ್ಕಾರ' ಅಂತ ಅನುವಾದ ಮಾಡಬೇಡಿ. ಅದು ಕಾಂಗ್ರೆಸ್ ಮಾತ್ರ, ಅಂದರೆ ಅವರ ಸಂಸತ್ತು. ಅಧ್ಯಕ್ಷರಿಗೂ ಕಾಂಗ್ರೆಸ್‌ಗೂ ಜಟಾಪಟಿ ಇರುವಾಗ ಎರಡನ್ನೂ 'ಸರ್ಕಾರ' ಅಂದರೆ ವಾಕ್ಯಕ್ಕೆ ಅರ್ಥವೇ ಇರುವುದಿಲ್ಲ. ಇನ್ನೊಂದು, ಈ ಕ್ಯಾಪಿಟಲ್‌ನ ಇಂಗ್ಲಿಷ್ ಕಾಗುಣಿತದ ಕೊನೆಯಲ್ಲಿ 'ಎಲ್'ಗೆ ಮುಂಚೆ 'ಓ' ಬರುತ್ತದೆ. ರಾಜಧಾನಿ ಅನ್ನುವ ಕ್ಯಾಪಿಟಲ್‌ಗೆ 'ಎ'. ಕನ್ನಡದಲ್ಲಿ ಬರೆದರೆ ಎರಡೂ ಒಂದೇ, ಅದಕ್ಕೇ ನಮಗೆ ಗೊತ್ತಾಗುವುದಿಲ್ಲ.

ಊರೋ, ಸರ್ಕಾರವೋ?

'ವಾಷಿಂಗ್ಟನ್' ಅಂತ ಬಂದಾಗ ಊರಾ, ಸರ್ಕಾರಾ? ಕ್ರಿಯಾಪದ ನೋಡಿ. ಆ ಕೆಲಸಕ್ಕೆ ಬಾಯಿಯೋ ಮನಸ್ಸೋ ಬೇಕಾ? ಹೇಳಿತು, ಬಯಸಿತು, ಹಿಂದೇಟು ಹಾಕಿತು ಅಂದರೆ ಸರ್ಕಾರ. ವಾಷಿಂಗ್ಟನ್‌ನಲ್ಲಿ ಹಿಮ ಬಿತ್ತು ಅಂದರೆ ಸುಮ್ನೆ ಊರು. ಆದರೆ 'ವಾಷಿಂಗ್ಟನ್‌ನಿಂದ ಒತ್ತಡ' ಅಂದಾಗ ಕ್ರಿಯಾಪದ ಸಿಗುವುದಿಲ್ಲ. ಆಗ ಪಕ್ಕದ ನಾಮಪದ ನೋಡಿ. ಒತ್ತಡ ಹಾಕುವುದು ಜನ, ಊರಲ್ಲ.

ಇಂಗ್ಲಿಷಿನಲ್ಲಿ ಬರೆಯುವಾಗ ಹೆಸರಿಗೆ ಮುಂಚೆ 'ದಿ' ಸೇರಿಸುವುದು: ವೈಟ್‌ಹೌಸ್, ಕ್ರೆಮ್ಲಿನ್, ಪೆಂಟಗನ್‌ಗೆ ಬೇಕು. ಡೌನಿಂಗ್ ಸ್ಟ್ರೀಟ್, ವೈಟ್‌ಹಾಲ್, ಕ್ಯಾಪಿಟಲ್ ಹಿಲ್‌ಗೆ ಬೇಡ. ಆದರೆ ಬರೀ 'ಹಿಲ್' ಅಂದರೆ ಬೇಕು.

ಜಾಗ ಬಿಟ್ಟರೂ ಹೆಸರು ಬಿಡದವರು

ಸ್ಕಾಟ್ಲೆಂಡ್ ಯಾರ್ಡ್‌ಗೂ ಸ್ಕಾಟ್ಲೆಂಡ್ ಪೊಲೀಸರಿಗೂ ಸಂಬಂಧ ಇಲ್ಲ. ಅದು ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸ್. 1829ರಲ್ಲಿ ಅವರ ಮೊದಲ ಕಚೇರಿಯ ಹಿಂಬಾಗಿಲು ಗ್ರೇಟ್ ಸ್ಕಾಟ್ಲೆಂಡ್ ಯಾರ್ಡ್ ಅನ್ನುವ ಬೀದಿಗೆ ತೆರೆದಿತ್ತು. 1890ರಲ್ಲಿ, 1967ರಲ್ಲಿ, 2016ರಲ್ಲಿ ಕಚೇರಿ ಬದಲಾಯಿತು. ಪ್ರತಿ ಸಲ ಹೆಸರನ್ನೂ ಜೊತೆಗೆ ಕರೆದುಕೊಂಡೇ ಹೋದರು. ಹಾಗಾಗಿ ಈ ಹೆಸರಿನ ಮಟ್ಟಿಗೆ ನಕ್ಷೆಯ ಉಪಾಯ ನಡೆಯುವುದಿಲ್ಲ.

ಹೇಗ್ ಇದಕ್ಕೆ ತದ್ವಿರುದ್ಧ. ಅಲ್ಲಿ ಒಂದೇ ಊರಿನ ಹೆಸರಿಗೆ ಹಲವು ಯಜಮಾನರು. ನೆದರ್‌ಲ್ಯಾಂಡ್ಸ್‌ನ ರಾಜಧಾನಿ ಆಮ್‌ಸ್ಟರ್‌ಡ್ಯಾಮ್, ಆದರೆ ಸರ್ಕಾರ ಕೂರುವುದು ಹೇಗ್‌ನಲ್ಲಿ. ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ನ್ಯಾಯಾಲಯ ಇರುವುದೂ ಅಲ್ಲೇ. ಯುದ್ಧಾಪರಾಧಗಳ ವಿಚಾರಣೆ ಮಾಡುವ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯವೂ ಅಲ್ಲೇ. ಸುದ್ದಿ ಡಚ್ಚರ ಬಜೆಟ್ಟಿನದಾದರೆ ಹೇಗ್ ಅಂದರೆ ಸರ್ಕಾರ. ಎರಡು ದೇಶಗಳ ಗಡಿ ವ್ಯಾಜ್ಯವಾದರೆ ಮೊದಲನೇ ನ್ಯಾಯಾಲಯ. ಸೇನಾಧಿಕಾರಿಯೊಬ್ಬನನ್ನು 'ಹೇಗ್‌ಗೆ ಕಳಿಸಬೇಕು' ಅಂತ ಯಾರಾದರೂ ಅಂದರೆ, ಕಟಕಟೆಯಲ್ಲಿ ನಿಲ್ಲಿಸಬೇಕು ಅಂತ ಅರ್ಥ.