ವ್ಯಕ್ತಿತ್ವ ದೋಷ: ಜನ ಅವರೇ, ಲೆಕ್ಕ ಮಾತ್ರ ಬೇರೆ

ಪಟ್ಟಿ, ನಿಯಮ, ಸಣ್ಣಪುಟ್ಟ ವಿವರಗಳಲ್ಲೇ ಮುಳುಗಿ ಮುಖ್ಯ ಕೆಲಸವೇ ಹಿಂದೆ ಬೀಳುತ್ತದಾ? ಎಲ್ಲ ಪರ್ಫೆಕ್ಟಾಗಿರಬೇಕು ಅಂತ ಹೋಗಿ ಯಾವುದೂ ಮುಗಿಯುವುದಿಲ್ಲವಾ? ಹೌದು ಅನ್ನುವವರು ಪ್ರತಿ ಆಫೀಸಿನಲ್ಲೂ ಒಬ್ಬಿಬ್ಬರು ಸಿಗುತ್ತಾರೆ, ಅಲ್ವಾ? ಯೋಚಿಸುವ, ನಡೆದುಕೊಳ್ಳುವ ರೀತಿಯೇ ಬದುಕಿಗೆ ತೊಡಕಾಗುವ ವ್ಯಕ್ತಿತ್ವ ದೋಷ, ಅಂದರೆ ಪರ್ಸನಾಲಿಟಿ ಡಿಸಾರ್ಡರ್, ಎಷ್ಟು ಜನರಿಗಿದೆ ಎಂಬ ಲೆಕ್ಕದ ಗೊಂದಲವೆಲ್ಲ ಇರುವುದು ಈ 'ಹೌದು'ಗಳನ್ನು ಎಣಿಸುವ ರೀತಿಯಲ್ಲಿ.

1980ಕ್ಕೆ ಮುಂಚೆ ಒಬ್ಬ ಡಾಕ್ಟರ್ ಹೇಳಿದ್ದನ್ನು ಇನ್ನೊಬ್ಬರು ಒಪ್ಪುವುದೇ ಕಷ್ಟವಾಗಿತ್ತು. ಆ ವರ್ಷ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ, ಡಿಎಸ್‌ಎಂನ ಮೂರನೇ ಆವೃತ್ತಿ, ಪ್ರತಿ ದೋಷಕ್ಕೂ ಲಕ್ಷಣಗಳ ಪಟ್ಟಿ ಕೊಟ್ಟಿತು. ಪಟ್ಟಿ ಸಿಕ್ಕಿದ ಮೇಲೆ ಆಸ್ಪತ್ರೆಯಿಂದಾಚೆ, ಮನೆಮನೆಗೆ ಹೋಗಿ ಕೇಳುವುದು ಸುಲಭವಾಯಿತು.

2001ರಲ್ಲಿ ಪ್ರಕಟವಾದ ಓಸ್ಲೋ ನಗರದ ಸಮೀಕ್ಷೆ ನೂರಕ್ಕೆ 13.4 ಜನ ಎಂದಿತು. ಅಮೆರಿಕದಲ್ಲಿ 2001-02ರಲ್ಲಿ 43 ಸಾವಿರಕ್ಕೂ ಜಾಸ್ತಿ ಜನರನ್ನು ಮಾತಾಡಿಸಿದಾಗ 14.8 ಬಂತು, ಅದೂ ಏಳು ಬಗೆಯ ದೋಷಗಳನ್ನಷ್ಟೇ ಕೇಳಿ. 2006ರಲ್ಲಿ ಬ್ರಿಟನ್ನಿನ ಲೆಕ್ಕ ಬರೀ 4.4. ಬ್ರಿಟಿಷರ ಮನಸ್ಸು ಅಮೆರಿಕನ್ನರಿಗಿಂತ ಮೂರು ಪಟ್ಟು ಗಟ್ಟಿ ಅಂತ ಇದರ ಅರ್ಥವಲ್ಲ.

ಹಾಗಾದರೆ ಲೆಕ್ಕಗಳು ಇಷ್ಟು ಬೇರೆಬೇರೆ ಯಾಕೆ? ಉತ್ತರದ ಒಂದು ದೊಡ್ಡ ಭಾಗ 2010ರಲ್ಲಿ ಸಿಕ್ಕಿತು. ಅಮೆರಿಕದ ಮನಶ್ಶಾಸ್ತ್ರಜ್ಞ ತಿಮೋತಿ ಟ್ರಲ್ ಮತ್ತು ಜೊತೆಗಾರರು ಅದೇ ಅಮೆರಿಕನ್ ಸಮೀಕ್ಷೆಯ ಉತ್ತರಗಳನ್ನು, ಉಳಿದ ಬಗೆಗಳನ್ನು ಕೇಳಿದ್ದ ಅದರ ಮುಂದಿನ ಸುತ್ತನ್ನೂ ಸೇರಿಸಿ, ಮತ್ತೆ ಎಣಿಸಿದರು. ಮೊದಲ ಲೆಕ್ಕದಲ್ಲಿ ಹಲವು ಲಕ್ಷಣಗಳ ಪೈಕಿ ಒಂದರಿಂದ ತೊಂದರೆಯಾಗಿದ್ದರೂ ಸಾಕಿತ್ತು. ಇವರು ಎಣಿಕೆಗೆ ಹಿಡಿದ ಪ್ರತಿ ಲಕ್ಷಣವೂ ಆ ವ್ಯಕ್ತಿಯನ್ನು ನಿಜಕ್ಕೂ ಕಾಡಿರಬೇಕು ಎಂದರು. ಎಲ್ಲ ಬಗೆಗಳೂ ಸೇರಿ 21.5 ಇದ್ದದ್ದು 9.1ಕ್ಕೆ ಇಳಿಯಿತು. ಭಾವನೆಗಳೂ ಸಂಬಂಧಗಳೂ ಸ್ಥಿರವಾಗಿ ನಿಲ್ಲದ ಬಾರ್ಡರ್‌ಲೈನ್ ಬಗೆಯೊಂದೇ 5.9ರಿಂದ 2.7ಕ್ಕೆ ಬಂತು. ಹೊಸದಾಗಿ ಒಬ್ಬರನ್ನೂ ಮಾತಾಡಿಸಿರಲಿಲ್ಲ!

ನನಗೆ ಟ್ರಲ್ ಲೆಕ್ಕವೇ ಸರಿ ಅನ್ನಿಸುತ್ತದೆ. ಸುಮ್ನೆ ಹಟಮಾರಿ, ಸ್ವಲ್ಪ ಮುಂಗೋಪಿ ಅನ್ನುವವರನ್ನೆಲ್ಲ ಸೇರಿಸಿಬಿಟ್ಟರೆ, ನಿಜವಾಗಿ ನರಳುವವರು ಆ ಗುಂಪಿನಲ್ಲಿ ಕಳೆದುಹೋಗುತ್ತಾರೆ.

2020ರಲ್ಲಿ 21 ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಸರಾಸರಿ 7.8 ಬಂತು. ಶ್ರೀಮಂತ ದೇಶಗಳಲ್ಲಿ ಜಾಸ್ತಿ, ಉಳಿದ ಕಡೆ ಕಡಿಮೆ. ಇಲ್ಲೂ ಪ್ರಶ್ನೆಯನ್ನೇ ನೋಡಬೇಕು. ದಿನನಿತ್ಯದ ತೀರ್ಮಾನಕ್ಕೂ ಬೇರೆಯವರ ಸಲಹೆ ಬೇಕಾಗುವುದು ಡಿಎಸ್‌ಎಂ ಪ್ರಕಾರ ಒಂದು ಲಕ್ಷಣ. ಹಿರಿಯರನ್ನು ಕೇಳದೆ ಹೆಜ್ಜೆ ಇಡದ ನಮ್ಮ ಮನೆಗಳಲ್ಲಿ ಅದನ್ನು ಹೇಗೆ ಎಣಿಸುವುದು?

2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ, ಐಸಿಡಿ-11, ಹಳೆಯ ಬಗೆಗಳನ್ನು ಬಹುತೇಕ ಕೈಬಿಟ್ಟಿತು. ಈಗ ಮೊದಲು ನೋಡುವುದು ತೊಂದರೆ ಎಷ್ಟು ತೀವ್ರ ಎಂದು: ಸೌಮ್ಯ, ಮಧ್ಯಮ, ತೀವ್ರ. ಇನ್ನೊಂದು ಮಾತು. ಅಮೆರಿಕದ ಮೆಕ್ಲೀನ್ ಆಸ್ಪತ್ರೆ ಬಾರ್ಡರ್‌ಲೈನ್ ಇದ್ದ 290 ಜನರನ್ನು ವರ್ಷಗಟ್ಟಲೆ ಬಿಡದೆ ಗಮನಿಸಿತು. ಹತ್ತು ವರ್ಷ ಕಳೆಯುವುದರೊಳಗೆ ಅವರಲ್ಲಿ ಹೆಚ್ಚಿನವರಿಗೆ ಆ ದೋಷವಿದೆ ಎನ್ನುವಷ್ಟು ಲಕ್ಷಣಗಳು ಉಳಿದಿರಲಿಲ್ಲ.